ಆರು ತಿಂಗಳ ಕಾವಲು

"ಆ ಪುಸ್ತಕ ಎಲ್ಲಿಕ್ಕಿದೀಯ ಹೇಳಜ್ಜಿ. ಇವತ್ತಿಗೆ ಹತ್ತು ದಿನ ಆತು. ಇನ್ನೂ ಎಷ್ಟು ದಿನ ಆಟ ಆಡಿಸ್ತೀಯ ನನ್ನ."

"ನಿನ್ನ ಪುಸ್ತಕ ತಗಂಡು ನಾನೇನು ಓದ್ಲಾ? ಇಸ್ಕೂಲಿಗೆ ಹೋಗೋ ವಯಸ್ಸೇನೆ ನಂದು? ಹುಡುಕ್ಕ ಹೋಗು."

"ಸೂರಿನಾಗೆ ಸಿಗಿಸಿದ್ದೆ. ನಿನ್ನ ಬಿಟ್ರೆ ಆ ಸೂರಿಗೆ ಯಾರೂ ಕೈ ಹಾಕಲ್ಲ. ನೀನೇ ತೆಗ್ದಿದೀಯ."

"ಹೂಂ ಕಣೆ, ತೆಗ್ದೆ. ಒಲೆಗೆ ಹಾಕ್ದೆ. ಏನೀಗ? ನಿನ್ನ ಹೊಟ್ಟೇನೇ ಕೆಟ್ಟಿದ್ದು ಅಂತ ಡಾಕ್ಟ್ರು ಬರೆದುಕೊಟ್ಟ ಕಾಗದ ಅದು. ಅದನ್ನ ದೇವರ ಗೂಡಿನಾಗಿಕ್ಕಿ ಊದಿನಕಡ್ಡಿ ಹಚ್ಚಬೇಕಿತ್ತಾ?"

ಹೀಗೆ ಕಿತ್ತಾಡುತ್ತಿದ್ದವರು ನನ್ನ ಹೆಂಡತಿ ಪಾಲಮ್ಮ ಮತ್ತು ನನ್ನ ಅವ್ವ ಬರಗೇರಮ್ಮ. ಪಾಲಮ್ಮ ನನ್ನ ಅಕ್ಕ ಗಂಗಕ್ಕನ ಮಗಳು. ಹಾಗಾಗಿ ಅವ್ವ ಅವಳಿಗೆ ಅತ್ತೆಯೂ ಹೌದು, ಅಜ್ಜಿಯೂ ಹೌದು. ನಾನು ಗಂಡನೂ ಹೌದು, ಸೋದರಮಾವನೂ ಹೌದು. ಮದುವೆಯಾಗಿ ಹತ್ತು ವರ್ಷವಾಗಿದ್ದರೂ ಅವಳು ನನ್ನನ್ನು ಮಾವ ಅಂತಲೇ ಕರೆಯುತ್ತಿದ್ದಳು.

ನಾನು ಅಂಗಳದಲ್ಲಿ ಒಂದು ಟಗರನ್ನು ಕೆಡವಿಕೊಂಡು ಅದರ ಗೊರಸು ಕೆತ್ತುತ್ತಿದ್ದೆ. ತಲೆ ಎತ್ತಲಿಲ್ಲ. ಪುಸ್ತಕ ಒಲೆಗೆ ಹೋದದ್ದು ನನಗೆ ಗೊತ್ತಿತ್ತು. ನಾನು ಒಲೆಯ ಮುಂದೆ ಕೂತು ಉಣ್ಣುತ್ತಿರುವಾಗಲೇ ಅವ್ವ ಅದರ ಒಂದೊಂದು ಹಾಳೆ ಕಿತ್ತು ಹಾಕಿದ್ದಳು. ನಾನು ಇನ್ನೊಂದು ಸೌಟು ಸಾರು ಕೇಳಿದ್ದೆ.

ಪುಸ್ತಕ ನಮ್ಮ ಮಗ ಸಣ್ಣತಿಮ್ಮಪ್ಪನ ಆಸ್ಪತ್ರೆಯದು. ಎರಡೂವರೆ ವರ್ಷದವನು. ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ತಿಂಗಳಿಗೊಂದು ಸಲ ಅವನ ನರಕ್ಕೆ ಒಂದು ಬಾಟಲಿ ಔಷಧಿ ಏರಿಸಬೇಕಿತ್ತು. ಬಾಟಲಿ ಬೆಂಗಳೂರಿನಿಂದ ಐಸ್ ಡಬ್ಬದಲ್ಲಿ ಬರುತ್ತಿತ್ತು. ಯಾರೋ ಪುಣ್ಯಾತ್ಮರ ಟ್ರಸ್ಟಿನವರು ಪುಕ್ಕಟೆ ಕಳಿಸುತ್ತಿದ್ದರು. ಮಗುವನ್ನು ಎತ್ತಿಕೊಂಡು ಹೋಗಿ ಅರ್ಧ ದಿನ ಕೂತು ಬರುವುದಷ್ಟೇ ನಮ್ಮ ಕೆಲಸ. ಅದಿಲ್ಲದಿದ್ದರೆ ಮಗು ಉಳಿಯುವುದಿಲ್ಲ. ಇದು ಮನೆಯ ಮೂವರಿಗೂ ಗೊತ್ತಿತ್ತು. ಈ ತಿಂಗಳ ಬಾಟಲಿ ಹತ್ತು ದಿನದಿಂದ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಕಾಯುತ್ತಿತ್ತು. ಮಗುವಿನ ಎಡಗಿವಿ ಮತ್ತೆ ಸೋರಲು ಶುರುವಾಗಿತ್ತು. ಅವನು ಕಂಬಳಿಯ ಮೇಲೆ ಮಲಗಿ, ಕಿವಿಗೆ ಇಟ್ಟ ಹತ್ತಿಯನ್ನು ಕೀಳುತ್ತ ಟಗರನ್ನೇ ನೋಡುತ್ತಿದ್ದ.

ಬಾಟಲಿ ಯಾಕೆ ಕಾಯುತ್ತಿತ್ತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮದು ಹಿರೇಗುಂಟನೂರಿನ ಪಕ್ಕದ ಹಟ್ಟಿ. ಇನ್ನೂರು ಕುರಿ, ನಾಲ್ಕು ಎಕರೆ ಹೊಲ. ಪಾಲಮ್ಮ ಮೊದಲು ಹೆತ್ತದ್ದು ಗಂಡು. ಗುಂಡಗೆ ಇತ್ತು. ಏಳನೇ ತಿಂಗಳಿಗೆ ಕಿವಿ ಸೋರಿತು, ಆಮೇಲೆ ಕೆಮ್ಮು, ಆಮೇಲೆ ಭೇದಿ. ಹನ್ನೊಂದನೇ ತಿಂಗಳಿಗೆ ಹೂತೆವು. ಎರಡನೆಯದೂ ಗಂಡು. ಅದೂ ಗುಂಡಗೆ ಇತ್ತು. ಅದನ್ನು ಒಂದು ವರ್ಷ ಎರಡು ತಿಂಗಳಿಗೆ ಹೂತೆವು. ಎರಡೂ ಆರು ತಿಂಗಳು ನೆಟ್ಟಗೆ ಇದ್ದವು ಎನ್ನುವುದನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸತ್ತದ್ದನ್ನಷ್ಟೇ ಹಿಡಿದೆವು.

ಅವ್ವ ಕಾರಣ ಕಂಡುಹಿಡಿದಳು. "ಇವಳ ಹಾಲು ಸರಿ ಇಲ್ಲ" ಅಂದಳು.

ಕುರಿ ಸಾಕುವವರಿಗೆ ಇದು ಹೊಸದಲ್ಲ. ಕೆಲವು ಕುರಿಗಳ ಕೆಚ್ಚಲು ಕೆಟ್ಟಿರುತ್ತದೆ. ಆ ಹಾಲು ಕುಡಿದ ಮರಿ ಉಳಿಯುವುದಿಲ್ಲ. ಅಂಥ ಕುರಿಯ ಕೆಚ್ಚಲಿಗೆ ಚೀಲ ಕಟ್ಟಿ, ಮರಿಯನ್ನು ಬೇರೆ ಕುರಿಗೆ ಹಚ್ಚುತ್ತೇವೆ. ಮೂರನೆಯವನು, ಈ ಸಣ್ಣತಿಮ್ಮಪ್ಪ, ಹುಟ್ಟಿದ ದಿನವೇ ಅವ್ವ ಅದನ್ನೇ ಮಾಡಿದಳು. ನನ್ನ ಹಳೇ ರುಮಾಲು ತಂದು ಪಾಲಮ್ಮನ ಎದೆಗೆ ಬಿಗಿದು ಹಿಂದೆ ಗಂಟು ಹಾಕಿದಳು. ಗಂಟು ಹಾಕುವಾಗ ಅವಳ ತೋಳು ಹಿಡಿದುಕೊಂಡವನು ನಾನು. ಕೂಸಿಗೆ ಮೇಕೆ ಹಾಲು ಕುಡಿಸಿದೆವು. ಮೂರನೇ ದಿನಕ್ಕೆ ಪಾಲಮ್ಮನ ಎದೆ ಕಲ್ಲಾಗಿ ಜ್ವರ ಬಂತು. ರುಮಾಲು ಒದ್ದೆಯಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಕೂಸು ಅತ್ತಾಗೆಲ್ಲ ಅವಳು ಗೋಡೆಗೆ ಮುಖ ಮಾಡಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

"ಒಂದ್ಸಲ ಕುಡಿಸ್ತೀನಿ ಮಾವ. ನೋವು ತಡಿಯಾಕೆ ಆಗ್ತಿಲ್ಲ."

"ಇದನ್ನೂ ಸಾಯಿಸ್ಬೇಕೇನೆ?" ಅಂದೆ.

ಕೂಸು ಆರು ತಿಂಗಳು ಚೆನ್ನಾಗಿ ಬೆಳೆಯಿತು. ಅವ್ವ ಹಟ್ಟಿಯ ತುಂಬ ಹೇಳಿಕೊಂಡು ಬಂದಳು, ಇವಳ ಹಾಲು ತಪ್ಪಿಸಿದೆ, ಮೊಮ್ಮಗ ಉಳಿದ, ಮೇಕೆ ಹಾಲಿನ ಮಹಿಮೆ ಅಂತ. ನಾಲ್ಕು ಮನೆಯ ಹೆಂಗಸರು ಬಂದು ಪಾಲಮ್ಮನನ್ನು ನೋಡಿಕೊಂಡು ಹೋದರು.

ಏಳನೇ ತಿಂಗಳಿಗೆ ಕಿವಿ ಸೋರಿತು.

ಆಮೇಲೆ ಒಂದೂವರೆ ವರ್ಷ ಬರೀ ಆಸ್ಪತ್ರೆ. ಹೊಳಲ್ಕೆರೆ, ದುರ್ಗ, ಮತ್ತೆ ದುರ್ಗ. ಎರಡು ಸಲ ಕೂಸಿನ ಎದೆಯಲ್ಲಿ ಕೀವು ಕಟ್ಟಿತು. ಕೊನೆಗೆ ದುರ್ಗದ ಡಾಕ್ಟರು, ಮಗುವಿನ ಮೈಯಲ್ಲಿ ರೋಗನಿರೋಧಕ ಶಕ್ತಿ ಕಡಿಮೆ ಇರುವ ಹಾಗಿದೆ, ತಂದೆ ತಾಯಿ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಬೇಕು ಅಂದರು. ಎರಡು ಸಾವಿರದ ಎಂಟನೇ ಇಸವಿ ಅದು. ಗೋಡೆ ಗೋಡೆಯ ಮೇಲೂ ಆ ಕಾಯಿಲೆಯ ಬಗ್ಗೆ ಬರೆದಿದ್ದರು. ನಮ್ಮ ಕಡೆ ಆ ಮಾತಿಗೆ ಒಂದೇ ಅರ್ಥ ಇತ್ತು, ಏಡ್ಸ್.

ವರದಿ ಬರಲು ಮೂರು ದಿನ ಅಂದರು. ಆ ಮೂರು ದಿನದಲ್ಲಿ ನಾನು ಪಾಲಮ್ಮನನ್ನು ಎರಡು ಸಲ ಹೊಡೆದೆ. ಯಾರ ಜೊತೆ ಇದ್ದೆ ಹೇಳು ಅಂತ ಹೊಡೆದೆ. ಅವಳು ಹಟ್ಟಿ ಬಿಟ್ಟು ಹೋದವಳಲ್ಲ. ಕುರಿ ಹೊಡೆದುಕೊಂಡು ವರ್ಷಕ್ಕೆ ನಾಲ್ಕು ತಿಂಗಳು ಊರೂರು ಸುತ್ತುತ್ತಿದ್ದವನು ನಾನು. ಎಲ್ಲೆಲ್ಲಿ ಮಲಗಿದ್ದೆ ಎನ್ನುವುದು ನನಗೇ ಗೊತ್ತಿತ್ತು. ಅದಕ್ಕೇ ಇನ್ನೂ ಜೋರಾಗಿ ಹೊಡೆದೆ. ಅವಳು ಒಂದು ಸಲವೂ ನೀನು ಎಲ್ಲಿದ್ದೆ ಅಂತ ಕೇಳಲಿಲ್ಲ. ಕೇಳಿದ್ದರೆ ಕೈ ಮುರಿಯುತ್ತಿದ್ದೆನೋ ಏನೋ.

ವರದಿಯಲ್ಲಿ ಏನೂ ಇರಲಿಲ್ಲ. ಇಬ್ಬರಿಗೂ ಇಲ್ಲ.

ವರದಿ ಕೊಟ್ಟವಳು ಮಕ್ಕಳ ವಾರ್ಡಿನ ನರ್ಸು ರೆಹಾನಾ. ಪಾಲಮ್ಮನ ಮುಖದ ಮೇಲಿನ ಬಾಸುಂಡೆ ನೋಡಿ ಅವಳಿಗೆ ಎಲ್ಲ ತಿಳಿಯಿತು. ನನ್ನನ್ನು ಬೆಂಚಿನ ಮೇಲೆ ಕೂರಿಸಿ ಬೈದಳು.

"ಕುಂತ್ಕಳ್ರಿ ಇಲ್ಲಿ. ಇದು ಎರಡು ಥರ ಐತೆ ಅಣ್ಣಾ. ಮೈಯಾಗೆ ಶಕ್ತಿ ಇದ್ದು ಆಮೇಲೆ ಕಳಕಳೋದು ಒಂದು. ಅದಕ್ಕೆ ಏಡ್ಸ್ ಒಂದೇ ಅಲ್ಲ. ಹೊಟ್ಟೆಗಿಲ್ದೆ ಒಣಗಿದ್ರೂ ಹೋಗ್ತೈತೆ, ಸಕ್ಕರೆ ಕಾಯಿಲೆಗೂ ಕುಗ್ತೈತೆ, ಕ್ಯಾನ್ಸರ್ ಔಷಧಿಗೂ ಹೋಗ್ತೈತೆ. ಸಂತೆಯಾಗೆ ಮಂಡಿನೋವಿಗೆ ಅಂತ ಪೊಟ್ಟಣ ಕಟ್ಟಿ ಕೊಡ್ತಾರಲ್ಲ ಮಾತ್ರೆ, ಅದನ್ನ ವರ್ಷಗಟ್ಟಲೆ ನುಂಗಿದ್ರೂ ಹೋಗ್ತೈತೆ. ಇನ್ನೊಂದು, ಹುಟ್ಟಿದಾಗಿಂದ್ಲೇ ಇಲ್ದೆ ಇರೋದು. ಈ ಮಗೀದು ಎರಡನೇದು ಅನ್ಸುತ್ತೆ. ಬೆಂಗಳೂರಿಗೆ ಹೋಗ್ರಿ. ಹೊಡೆದ ಕೈಯಾಗೆ ಆ ಮಗೀನ ಎತ್ಕಳ್ರಿ."

ಹೋಗುವ ಮೊದಲು ಅವಳು ಒಂದು ಫಾರಂ ತುಂಬಿಸಿಕೊಂಡಳು. ಅವತ್ತು ಅವ್ವನೂ ಬಂದಿದ್ದಳು. ಮನೆಯಲ್ಲಿ ಯಾರ್ಯಾರಿಗೆ ಎಷ್ಟು ಮಕ್ಕಳು, ಎಷ್ಟು ಸತ್ತವು ಅಂತ ಕೇಳಿ ಬರೆದುಕೊಂಡಳು. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ಸತ್ತವರ ಮೇಲೆ ಒಂದು ಗೀಟು.

"ನಿಮಗೆಷ್ಟು ಹೆರಿಗೆ ಅಜ್ಜಿ?"

"ಎರಡೇ. ಮೊದಲು ಗಂಗಿ, ಆಮೇಲೆ ಇವನು."

"ಎಷ್ಟು ವರ್ಷ ಅಂತರ?"

"ಹನ್ನೆರಡು."

ರೆಹಾನಾ ಪೆನ್ನು ನಿಲ್ಲಿಸಿ ಅವ್ವನ ಮುಖ ನೋಡಿದಳು. "ನಡುವೆ ಏನೂ ಆಗ್ಲಿಲ್ವಾ?"

"ದೇವರು ಕೊಡ್ಲಿಲ್ಲ ಕಣವ್ವ" ಅಂದು ಅವ್ವ ಎಲೆಗೆ ಸುಣ್ಣ ಹಚ್ಚಿದಳು.

ಬೆಂಗಳೂರಿನ ಡಾಕ್ಟರಮ್ಮ ಮೊದಲು ಮಾಡಿದ ಕೆಲಸ ಮಗುವಿನ ಬಾಯಿ ತೆರೆದು ಬ್ಯಾಟರಿ ಬಿಟ್ಟು ನೋಡಿದ್ದು. ಎಲ್ಲರ ಗಂಟಲಲ್ಲೂ ಎರಡು ಕಡೆ ಗಡ್ಡೆ ಇರುತ್ತದೆ, ಇವನಿಗೆ ಇಲ್ಲವೇ ಇಲ್ಲ ಅಂದರು. ಆಮೇಲೆ ರಕ್ತ ನೋಡಿ ಹೇಳಿದರು. ರೋಗ ಬಂದಾಗ ಎದುರು ನಿಂತು ಹೊಡೆಯುವ ಒಂದು ಅಂಶ ರಕ್ತದಲ್ಲಿರುತ್ತದೆ. ಇವನ ಮೈಗೆ ಅದನ್ನು ತಯಾರಿಸಲು ಬರುವುದಿಲ್ಲ. ಬೇರೆಯವರ ರಕ್ತದಿಂದ ತೆಗೆದ ಆ ಅಂಶವನ್ನು ತಿಂಗಳು ತಿಂಗಳು ಕೊಟ್ಟರೆ ಎಲ್ಲ ಮಕ್ಕಳಂತೆ ಓಡಾಡುತ್ತಾನೆ, ಶಾಲೆಗೆ ಹೋಗುತ್ತಾನೆ, ಮದುವೆಯೂ ಆಗಬಹುದು. ನಿಲ್ಲಿಸಿದರೆ ಇಲ್ಲ.

"ಹಂಗಾರೆ ಆರು ತಿಂಗಳು ಹೆಂಗೆ ಚೆನ್ನಾಗಿದ್ದ?" ಅಂತ ನಾನು ಕೇಳಿದೆ.

"ಅದು ತಾಯಿದು. ಹೊಟ್ಟೆಯಲ್ಲಿದ್ದಾಗ ತಾಯಿಯ ರಕ್ತದಿಂದ ಹೋಗಿರುತ್ತೆ. ಆರು ತಿಂಗಳು ಕಾವಲಿದ್ದು ಮುಗಿದುಹೋಗುತ್ತೆ. ಎದೆಹಾಲಲ್ಲೂ ಸ್ವಲ್ಪ ಇರುತ್ತೆ. ಎದೆಹಾಲು ಎಷ್ಟು ದಿನ ಕೊಟ್ಟಿರಿ?"

ಪಾಲಮ್ಮ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

"ಒಂದು ದಿನಾನೂ ಇಲ್ಲ" ಅಂದಳು ಪಾಲಮ್ಮ.

ಡಾಕ್ಟರಮ್ಮ ಬರೆದುಕೊಂಡರು. ಆಮೇಲೆ, ಇದು ತಾಯಿಯ ಕಡೆಯಿಂದ ಬರುವಂಥದ್ದು ಅಂದರು. ಹೆಣ್ಣಿನ ಮೈಯಲ್ಲಿ ಕೂತಿರುತ್ತದೆ, ಹೆಣ್ಣಿಗೆ ಏನೂ ಆಗುವುದಿಲ್ಲ. ಅವಳು ಹೆತ್ತ ಗಂಡುಮಕ್ಕಳಲ್ಲಿ ಅರ್ಧದಷ್ಟಕ್ಕೆ ಬರಬಹುದು, ಅರ್ಧಕ್ಕೆ ಬರದೇ ಇರಬಹುದು. ಸೋದರಮಾವನನ್ನು ಮದುವೆಯಾದದ್ದಕ್ಕೆ ಬಂದದ್ದಲ್ಲ, ಹೊರಗೆ ಕೊಟ್ಟಿದ್ದರೂ ಇದೇ ಆಗುತ್ತಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ.

ಕೊನೆಯ ಮಾತು ನನ್ನ ಕಿವಿಗೆ ಬೀಳಲಿಲ್ಲ. ಮೊದಲಿನದು ಬಿತ್ತು. ಓದಿದವರಿಗೆ ಅರ್ಥವಾಗಲು ಎರಡು ದಿನ ಬೇಕಾದದ್ದು ನನಗೆ ಅಲ್ಲೇ ಅರ್ಥವಾಯಿತು. ಹಿಂಡಿನಲ್ಲಿ ಇಂಥದ್ದು ಇರುತ್ತದೆ. ನೋಡಲು ಗಟ್ಟಿಮುಟ್ಟಾಗಿರುತ್ತದೆ, ವರ್ಷ ವರ್ಷ ಈಯುತ್ತದೆ, ಗಂಡು ಮರಿಗಳೆಲ್ಲ ಸಾಯುತ್ತವೆ. ಟಗರು ಬದಲಿಸಿದರೂ ಸಾಯುತ್ತವೆ. ಅಂಥದ್ದರ ಬೆನ್ನಿಗೆ ಕೆಮ್ಮಣ್ಣು ಬಳಿದು ಬೇರೆ ಮಾಡಿ ಸಂತೆಗೆ ಹೊಡೆಯುತ್ತೇವೆ. ಕಸಾಯಿಯವನು ಅದು ಯಾಕೆ ಬಂತೆಂದು ಕೇಳುವುದಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಪಾಲಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ಉಳೀತಾನಂತೆ ಮಾವ, ಶಾಲೆಗೆ ಹೋಗ್ತಾನಂತೆ" ಅಂತ ಶಿರಾ ದಾಟುವವರೆಗೂ ಅದನ್ನೇ ಹೇಳುತ್ತಿದ್ದಳು. ನಾನು ಅವಳನ್ನು ಮನಸ್ಸಿನಲ್ಲೇ ಹಿಂಡಿನಿಂದ ಬೇರೆ ಮಾಡಿ ಆಗಿತ್ತು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳಿಗೂ ತಕ್ಷಣ ಅರ್ಥವಾಯಿತು. "ನಾನು ಹೇಳಿದ್ದೇ ಸರಿ. ಹಾಲಲ್ಲ, ಹೊಟ್ಟೇನೇ ಕೆಟ್ಟಿದ್ದು" ಅಂದಳು.

ಔಷಧಿ ಶುರುವಾಯಿತು. ಮೊದಲ ಬಾಟಲಿಗೆ ಜ್ವರ ನಿಂತಿತು. ಎರಡನೆಯದಕ್ಕೆ ಕಿವಿ ಒಣಗಿತು. ಮೂರನೆಯದಾದ ಮೇಲೆ ಸಣ್ಣತಿಮ್ಮಪ್ಪ ಕುರಿ ರೊಪ್ಪದ ಬಾಗಿಲಿಗೆ ಹೋಗಿ ಮರಿಗಳ ಬಾಲ ಹಿಡಿದು ಎಳೆಯುತ್ತಿದ್ದ. ಅವನ ಪುಸ್ತಕದಲ್ಲಿ ರೆಹಾನಾ ಕೆಂಪು ಮಸಿಯಲ್ಲಿ ಪ್ರತಿ ಸಲದ ತೂಕ ಬರೆಯುತ್ತಿದ್ದಳು. ಪಾಲಮ್ಮನಿಗೆ ಓದಲು ಬಾರದು. ಆದರೂ ಪುಟ ತೆಗೆದು, ಇದು ಮೊನ್ನೆದು, ಇದು ಅದರ ಹಿಂದಿಂದು ಅಂತ ಬೆರಳಿಟ್ಟು ತೋರಿಸುತ್ತಿದ್ದಳು. ಆ ಮೂರು ತಿಂಗಳು ಅವಳು ಒಲೆಯ ಮುಂದೆ ಹಾಡು ಗುನುಗಿದ್ದನ್ನು ನಾನು ಕೇಳಿದ್ದೇನೆ. ನನಗೆ ಅದು ಸೇರಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಅವ್ವ ಹೊಸದುರ್ಗದ ಕಡೆ, ಹಾಲುರಾಮೇಶ್ವರದ ಹತ್ತಿರದ ಒಂದು ಹಟ್ಟಿಯಲ್ಲಿ ನನಗೆ ಇನ್ನೊಂದು ಹೆಣ್ಣು ಗೊತ್ತು ಮಾಡಿದ್ದಳು. ಹೆಣ್ಣಿನ ಅಪ್ಪ ಗೋವಿಂದಪ್ಪ ಒಂದು ದಿನ ದುರ್ಗದ ಬಸ್ ನಿಲ್ದಾಣದಲ್ಲಿ ಸಿಕ್ಕು ಚಹಾ ಕುಡಿಸಿದ. ಸುತ್ತಿ ಬಳಸಿ ಮಾತಾಡುವ ಮನುಷ್ಯ ಅಲ್ಲ.

"ನಿಮ್ಮ ಮೊದಲ್ನೇವಳು ಮೂಲೆಯಾಗೆ ಬಿದ್ದಿರ್ತಾಳೆ ಅಂತ ನಿಮ್ಮವ್ವ ಹೇಳ್ತು. ಇರ್ಲಿ, ನಮ್ದೇನೂ ಇಲ್ಲ. ಆ ಕೂಸಿನ ಕಥೆ ಏನು? ನನ್ನ ಮಗಳು ಬಂದು ಜೀವಮಾನ ಇಡೀ ಆಸ್ಪತ್ರೆಗೆ ಓಡಾಡಬೇಕಾ?"

"ಈ ಬೇಸಿಗೆ ದಾಟಲ್ಲ ಅಂತ ಡಾಕ್ಟ್ರು ಹೇಳವ್ರೆ" ಅಂದೆ.

ಡಾಕ್ಟರು ಹಾಗೆ ಹೇಳಿರಲಿಲ್ಲ. ಮಾತು ನನ್ನ ಬಾಯಿಂದ ತಾನಾಗೇ ಬಂತು. ಗೋವಿಂದಪ್ಪ ತಲೆಯಾಡಿಸಿದ, ಬರೋ ಸೋಮವಾರ ಬಿಟ್ಟು ಅದರಾಚೆ ಸೋಮವಾರ ಹೆಣ್ಣು ನೋಡಲು ಬರ್ರಿ ಅಂದ. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು, "ಹಂಗಾರೆ ಆ ಬಾಟ್ಲಿ ಯಾಕೆ?" ಅಂದಳು.  ನಾನು ಬೇಡ ಅನ್ನಲಿಲ್ಲ. ಅವತ್ತು ರಾತ್ರಿಯ ಊಟದ ಹೊತ್ತಿಗೇ ಪುಸ್ತಕ ಒಲೆಗೆ ಹೋದದ್ದು. ಪುಸ್ತಕ ತೋರಿಸದೆ ಆಸ್ಪತ್ರೆಯಲ್ಲಿ ಔಷಧಿ ಕೊಡುವುದಿಲ್ಲ ಅಂತ ಪಾಲಮ್ಮ ನಂಬಿದ್ದಳು. ನಂಬಿಸಿದವನು ನಾನು.

ಇದಿಷ್ಟು ಹಿಂದಿನದು. ಈಗ ಅಂಗಳಕ್ಕೆ ಬರುತ್ತೇನೆ.

ಪುಸ್ತಕ ಸುಟ್ಟೆ ಅಂತ ಅವ್ವ ಬಾಯಿಬಿಟ್ಟು ಹೇಳಿದ ಮೇಲೆ ಪಾಲಮ್ಮ ನನ್ನ ಹತ್ತಿರ ಬಂದು ನಿಂತಳು. ಅವಳ ನೆರಳು ಟಗರಿನ ಮೇಲೆ ಬಿತ್ತು.

"ಮಾವ, ನೀನಾದ್ರೂ ಹೇಳು. ನಿನ್ನ ಮಗ ಅಲ್ವಾ ಇವನು?"

"ಬಿಸಿಲು ಬಿಡೇ, ಕಾಣಿಸ್ತಿಲ್ಲ" ಅಂದೆ.

ಆಗ ಗಂಗಕ್ಕ ಬಂದಳು. ನಾನೇ ಹೇಳಿಕಳಿಸಿದ್ದೆ. ಹೊಳಲ್ಕೆರೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಕೈಯಲ್ಲಿ ಮೊಮ್ಮಗನಿಗೆ ಅಂತ ಮಂಡಕ್ಕಿ ಪೊಟ್ಟಣ. ಮಗಳಿಗೆ ಬುದ್ಧಿ ಹೇಳಿ, ಸವತಿಗೆ ಒಪ್ಪಿಸಿ ಹೋಗಲಿ, ಒಪ್ಪದಿದ್ದರೆ ಕರೆದುಕೊಂಡು ಹೋಗಲಿ ಎನ್ನುವುದು ನನ್ನ ಲೆಕ್ಕ. ಅವಳು ಕರೆದುಕೊಂಡು ಹೋಗುವವಳಲ್ಲ ಎಂದೂ ಗೊತ್ತಿತ್ತು. ಅವಳ ಎರಡನೇ ಮಗಳು ನಿಂಗಕ್ಕನಿಗೆ ಗಂಡು ಗೊತ್ತಾಗಿತ್ತು. ಗಂಡ ಬಿಟ್ಟ ಅಕ್ಕ ಮನೆಯಲ್ಲಿದ್ದರೆ ತಂಗಿಯ ಮದುವೆಗೆ ಅಡ್ಡ.

ಗಂಗಕ್ಕ ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತಳು. ನೀರು ಕೂಡ ಕೇಳಲಿಲ್ಲ.

"ಏನೇ ಪಾಲಿ, ಹಟ್ಟಿ ಬಾಗ್ಲಿಗೇ ಕೇಳಿಸ್ತಿತ್ತು ನಿನ್ನ ಗಂಟಲು. ಅಜ್ಜಿ ಮೇಲೆ ಕೂಗಾಡ್ತಾರಾ?"

"ಅವ್ವಾ, ಮಗೀನ ಪುಸ್ತಕ ಸುಟ್ಟವ್ರೆ. ಔಷಧಿ ತಪ್ಪಿ ಹತ್ತು ದಿನ ಆತು. ಕಿವಿ ನೋಡು ಬಾ."

ಗಂಗಕ್ಕ ಎದ್ದು ನೋಡಲಿಲ್ಲ. "ಸುಮ್ನಿರು. ಒಂದು ಕೂಸಿಗೋಸ್ಕರ ಮನೆ ಮುರ್ಕಬ್ಯಾಡ. ಇವನು ಇನ್ನೊಂದು ಮಾಡ್ಕಳ್ಲಿ. ನಿನಗೇನು, ಅನ್ನಕ್ಕೆ ಮೋಸ ಇಲ್ಲ. ಒಂದು ಮೂಲೆಯಾಗೆ ಇದ್ದುಬಿಡು. ನಿನ್ನ ಗಂಡ ಅಂತ ಅಲ್ಲದಿದ್ರೂ ನಿನ್ನ ಸೋದರಮಾವ ಅಂತಾನಾದ್ರೂ ಸಾಕ್ತಾನೆ."

"ಸಾಕ್ತಾನೆ" ಅಂದಳು ಪಾಲಮ್ಮ. ಅಷ್ಟೇ ಅಂದಳು.

ಇಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಅವ್ವನಿಗೆ ಬಾಯಿ ತಡೆಯಲಿಲ್ಲ. ನಾಲ್ಕು ತಿಂಗಳಿಂದ ಹಲ್ಲಲ್ಲಿ ಹಿಡಿದುಕೊಂಡಿದ್ದ ಮಾತು ಅದು.

"ನೀನೇನು ದೊಡ್ಡ ನ್ಯಾಯ ಹೇಳಾಕೆ ಬಂದಿದೀಯೇ ಗಂಗಿ. ಇದ್ದೊಬ್ಬ ಮಗನಿಗೆ ಇಂಥದ್ದನ್ನ ತಂದು ಕಟ್ಟಿದೋಳು ನೀನೇ. ಮೂರು ಹಡೆದ್ಲು, ಮೂರೂ ಹಾಳು. ತಾಯಿಂದ ಬರೋದಂತೆ, ಡಾಕ್ಟ್ರೇ ಹೇಳವ್ರೆ. ಇವಳಿಗೆ ಯಾರಿಂದ ಬಂತು? ನಿನ್ನಿಂದ. ಕೆಟ್ಟಿದ್ದು ನಿನ್ನ ಹೊಟ್ಟೆ ಕಣೆ."

ಗಂಗಕ್ಕನಿಗೂ ನಮ್ಮ ಮನೆಯದೇ ಸಿಟ್ಟು. ಮಂಡಕ್ಕಿ ಪೊಟ್ಟಣ ಜಗಲಿಯ ಮೇಲೆ ಕುಕ್ಕಿದಳು, ದಾರ ಬಿಚ್ಚಿ ಅರ್ಧ ಚೆಲ್ಲಿತು.

"ನನ್ನ ಹೊಟ್ಟೆ ಸುದ್ದಿಗೆ ಬರಬ್ಯಾಡ ನೀನು. ನಾನು ಹಡೆದಿದ್ದು ಎರಡು ಹೆಣ್ಣು, ಎರಡೂ ಬದುಕವೆ. ತಾಯಿಂದ ಬಂತಾ? ಹಂಗಾರೆ ನನಗೆ ಯಾರಿಂದ ಬಂತು? ನನ್ನ ಬೆನ್ನಿಗೆ ಬಂದ ಆ ಮೂರು ಗಂಡು ಕೂಸು ಯಾರು ಹಡೆದಿದ್ದು? ನಾನಾ? ನಾನು ಒಂಬತ್ತು ವರ್ಷದ ಹುಡುಗಿ ಕಣವ್ವ. ನೀನು ಕುರಿ ಹಿಂದೆ ಹೋಗ್ತಿದ್ದೆ, ಸೊಂಟದ ಮೇಲೆ ಹೊತ್ಕಂಡು ತಿರುಗಿದೋಳು ನಾನು. ಕಿವಿ ಸೋರ್ತೈತೆ ಅಂತ ಬೆಳ್ಳುಳ್ಳಿ ಎಣ್ಣೆ ಕಾಸಿ ಬಿಟ್ಟೋಳು ನಾನು. ಮೂರನೇದು ನನ್ನ ಸೊಂಟದ ಮೇಲೇ ಸತ್ತಿದ್ದು. ನಿದ್ದೆ ಹೋಗೈತೆ ಅನ್ಕಂಡು ಬಾವಿ ತಾವಿಂದ ಮನೆಗಂಟ ಹೊತ್ಕಂಡು ಬಂದಿದೀನಿ."

 ನಾನು ಟಗರನ್ನು ಬಿಟ್ಟೆ. ಅದು ಎದ್ದು ಮೈ ಕೊಡವಿಕೊಂಡು ಚೆಲ್ಲಿದ ಮಂಡಕ್ಕಿಗೆ ಬಾಯಿ ಹಾಕಿತು.

ನನಗಿಂತ ಮುಂಚೆ ಮೂವರು ಇದ್ದರು ಎನ್ನುವುದು ನನಗೆ ಗೊತ್ತಿರಲಿಲ್ಲ. ಹಟ್ಟಿಯಲ್ಲಿ ಯಾರೂ ಹೇಳದೆ ಇದ್ದದ್ದು ಹೇಗೆಂದು ಇವತ್ತಿಗೂ ತಿಳಿಯದು. ಆದರೆ ಲೆಕ್ಕ ಹಾಕಲು ಬಹಳ ಹೊತ್ತು ಬೇಕಾಗಲಿಲ್ಲ. ಅವ್ವನಿಂದ ಅಕ್ಕನಿಗೆ, ಅಕ್ಕನಿಂದ ಪಾಲಮ್ಮನಿಗೆ. ನಾನು ಡಾಕ್ಟರಮ್ಮ ಹೇಳಿದ, ಬರದೇ ಉಳಿಯುವ ಅರ್ಧದಲ್ಲಿ ಬಿದ್ದವನು. ಹಿಂಡಿನಲ್ಲಾಗಿದ್ದರೆ ಯಾವ ಕುರಿಯ ಬೆನ್ನಿಗೆ ಕೆಮ್ಮಣ್ಣು ಬಳಿಯಬೇಕಿತ್ತು ಎನ್ನುವುದು ಅಂಗಳದಲ್ಲಿದ್ದ ನಾಲ್ವರಿಗೂ ತಿಳಿಯಿತು.

"ಮೂರಾ?" ಅಂದಳು ಪಾಲಮ್ಮ. ಕೂಗಲಿಲ್ಲ. "ಮೂರು ಇದ್ವಾ ಅಜ್ಜಿ? ಏನು ಹೆಸರು ಅವುಕ್ಕೆ?"

"ಹೆಸರಿಕ್ಕೋಗಂಟ ಯಾವುದು ಇತ್ತು" ಅಂದಳು ಅವ್ವ. ಅವಳ ಎಲೆಚೀಲದ ದಾರ ಬೆರಳಿಗೆ ಸುತ್ತಿಕೊಳ್ಳುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತು.

"ರೆಹಾನಕ್ಕ ಕೇಳಿದ್ರಲ್ಲ ಅವತ್ತು. ನನ್ನ ಮುಂದೇನೇ ಕೇಳಿದ್ರು. ನಿನಗೆ ಮುಂಚೆನೇ ಗೊತ್ತಿದ್ದೂ ನನ್ನೆದೆಗೆ ರುಮಾಲು ಬಿಗಿದಿದ್ದು, ನನ್ನ ಬೈದಿದ್ದು..." ಅವಳು ಅಲ್ಲಿಗೇ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಮಾವ, ಮೂರು ಸತ್ತ ಮೇಲೆ ನಿಮ್ಮಪ್ಪ ಅಜ್ಜೀನ ಸಂತೆಗೆ ಹೊಡೆದಿದ್ರೆ ನೀನು ಎಲ್ಲಿರ್ತಿದ್ದೆ?"

ನಾನು ಎದ್ದು ಅವಳ ಕೆನ್ನೆಗೆ ಹೊಡೆದೆ. ಅವಳು ಹೇಳಿದ್ದು ಸುಳ್ಳಾಗಿದ್ದರೆ ಹೊಡೆಯುತ್ತಿರಲಿಲ್ಲ.

ಬಿದ್ದವಳನ್ನು ಗಂಗಕ್ಕ ಎತ್ತಿದಳು. ಎತ್ತಿದವಳು ತೋಳು ಬಿಡಲಿಲ್ಲ. ಅವಳ ಸಿಟ್ಟು ಇಳಿದು ಮುಖ ಬೂದಿಯಾಗಿತ್ತು. ತಾನು ಬಾಯಿಬಿಟ್ಟದ್ದು ಏನು ಎನ್ನುವುದು ಆಗ ಅವಳಿಗೆ ಹೊಳೆದಿರಬೇಕು. ಅವ್ವನ ಕಡೆ ನೋಡಿದಳು, ಅವ್ವ ಅವಳ ಕಡೆ ನೋಡಿದಳು. ಒಂದು ಗಳಿಗೆ ಹಿಂದೆ ಒಬ್ಬರ ಹೊಟ್ಟೆಯನ್ನು ಇನ್ನೊಬ್ಬರು ಬೈದವರು ಈಗ ಒಂದೇ ಮಾತಿಗೆ ಬಂದರು.

"ನೋಡೇ ಪಾಲಿ" ಅಂದಳು ಗಂಗಕ್ಕ ಮೆಲ್ಲಗೆ. "ಈ ಮಾತು ಈ ಅಂಗಳ ದಾಟಬಾರ್ದು. ನಿಂಗಿ ಗಂಡಿನ ಕಡೆಯೋರಿಗೆ ಗೊತ್ತಾದ್ರೆ ಮದ್ವೆ ನಿಂತೋಗ್ತೈತೆ."

"ನಿಂಗಿಗೂ ಇರಬೌದಲ್ಲವ್ವ. ರಕ್ತ ನೋಡಿಸು ಅವಳದು. ಗೊತ್ತಿದ್ರೆ ಹುಟ್ಟಿದ ದಿನದಿಂದ್ಲೇ ಔಷಧಿ ಮಾಡಬೌದು."

"ಬಾಯಿ ಮುಚ್ಚು. ನಿಂದು ಹಾಳಾಗಿದ್ದು ಸಾಲ್ದಾ? ಅವಳದೂ ಹಾಳು ಮಾಡಬೇಕಾ?"

"ನಿನ್ನಿಂದ ಬಂತು ಅಂತಾನೇ ಇರ್ಲಿ ಕಣೆ ಪಾಲಿ" ಅಂದಳು ಅವ್ವ. ಬೈಗುಳದ ಧ್ವನಿಯಲ್ಲ, ಮಕ್ಕಳನ್ನು ಪುಸಲಾಯಿಸುವ ಧ್ವನಿ. "ನಿಂಗೆ ಹೆಂಗೂ ಆಗೋಗೈತೆ. ನಿನ್ನೊಬ್ಬಳ ಮೇಲೇ ಇರ್ಲಿ. ಮನೆಯೋರೆಲ್ಲ ಯಾಕೆ ಕೆಡಬೇಕು."

ಪಾಲಮ್ಮ ತಾಯಿಯ ಕೈಯಿಂದ ತೋಳು ಬಿಡಿಸಿಕೊಂಡಳು. ಅವಳು ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಳಲಿಲ್ಲ. ಕಂಬಳಿಯ ಹತ್ತಿರ ಹೋಗಿ ಮಗುವಿನ ಕಿವಿಯ ಹಳೇ ಹತ್ತಿ ತೆಗೆದು, ಸೆರಗಿನ ತುದಿಯಿಂದ ಒರೆಸಿ, ಬೇರೆ ಹತ್ತಿ ಇಟ್ಟಳು. ಒಳಗೆ ಹೋಗಿ ಒಂದು ಚೀಲ ತಂದಳು. ಎರಡು ಅಂಗಿ, ನೀರಿನ ಬಾಟಲಿ, ಒಂದು ಲೋಟ. ಅವಳ ಸೀರೆ ಒಂದೂ ಇರಲಿಲ್ಲ.

"ಎಲ್ಲಿಗೆ?" ಅಂದೆ.

"ದುರ್ಗಕ್ಕೆ. ಹತ್ತೂವರೆ ಬಸ್ಸೈತೆ."

"ಪುಸ್ತಕ ಇಲ್ದೆ ಕೊಡಲ್ಲ ಅವರು."

"ಪುಸ್ತಕ ಬ್ಯಾಡ. ರೆಹಾನಕ್ಕಂಗೆ ಬಾಯಾಗೇ ಹೇಳಿ ಹೊಸದು ಬರೆಸ್ತೀನಿ. ಈ ಸಲ ಅಜ್ಜಿಯಿಂದ ಶುರು ಮಾಡಿ ಬರೆಸ್ತೀನಿ."

ಗಂಗಕ್ಕ ಅಂಗಳದ ಬಾಗಿಲಿಗೆ ಹೋಗಿ ಅಡ್ಡ ನಿಂತಳು. "ಪಾಲಿ, ನಿನ್ನ ಕಾಲಿಗೆ ಬೀಳ್ತೀನಿ. ಎರಡು ತಿಂಗಳು ತಡ್ಕ. ನಿಂಗಿ ಮದ್ವೆ ಆಗೋಗ್ಲಿ. ಆಮೇಲೆ ಏನಾದ್ರೂ ಬರೆಸು."

"ಎರಡು ತಿಂಗಳಾ" ಅಂದಳು ಪಾಲಮ್ಮ. ಮಗುವಿನ ಕಿವಿಯನ್ನು ತಾಯಿಯ ಮುಖದ ಹತ್ತಿರಕ್ಕೆ ಹಿಡಿದಳು. "ಮೂಸಿ ನೋಡವ್ವ. ನಿನಗೆ ಗೊತ್ತಿರೋ ವಾಸ್ನೇನೇ ಅಲ್ವಾ?"

ಗಂಗಕ್ಕ ಮುಖ ತಿರುಗಿಸಿದಳು. ಕಾಲು ಸರಿಯಿತು. ಪಾಲಮ್ಮ ಆಚೆ ಹೋದಳು.

ನಾನು ತಡೆಯಲಿಲ್ಲ. ಎಲ್ಲಿಗೆ ಹೋಗುತ್ತಾಳೆ ಅಂದುಕೊಂಡೆ. ಗಂಡನ ಮನೆಯೂ ಇದೇ, ತಾಯಿಯ ತವರೂ ಇದೇ. ತನ್ನ ತವರಿನವಳು ಇಲ್ಲೇ ಜಗಲಿಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದಾಳೆ. ನಾಳೆಯಲ್ಲ, ಇವತ್ತೇ ಸಂಜೆಯ ಬಸ್ಸಿಗೆ ಬರುತ್ತಾಳೆ. ಅವಳು ರಸ್ತೆಯ ಕಡೆಗೆ ಹೊಲದ ಬದುವಿನ ಮೇಲೆ ನಡೆಯುವುದು ಕಾಣುತ್ತಿತ್ತು. ಮಗು ಹೆಗಲ ಮೇಲಿಂದ ನಮ್ಮ ಕಡೆಗೇ ನೋಡುತ್ತಿತ್ತು. ಅವಳು ತಿರುಗಲಿಲ್ಲ.

ಐದು ಗಂಟೆಗೆ ರೆಹಾನಾ ನನ್ನ ಮೊಬೈಲಿಗೆ ಫೋನು ಮಾಡಿದಳು.

"ಔಷಧಿ ಏರಿಸಿದೀವಿ. ಹೊರಡೋವಾಗ ಮಗೀಗೆ ಸ್ವಲ್ಪ ಜ್ವರ ಇತ್ತು, ಇಳೀತೈತೆ. ಪುಸ್ತಕ ಏನಾಯ್ತು ಅಂತ ಪಾಲಮ್ಮ ಹೇಳಿದ್ರು. ಉಳಿದಿದ್ದೂ ಹೇಳಿದ್ರು. ಬರ್ಕಂಡಿದೀನಿ."

"ಎಷ್ಟೊತ್ತಿಗೆ ಹೊರಟ್ಲು?" ಅಂದೆ.

"ನಾಲ್ಕಕ್ಕೆ. ಊರಿಗೆ ಅಂತ ಹೇಳಲಿಲ್ಲ." ಅಷ್ಟು ಹೇಳಿ ಇಟ್ಟಳು.

ಆರರ ಬಸ್ಸಿನಿಂದ ಇಬ್ಬರು ಶಾಲೆಯ ಹುಡುಗಿಯರು ಇಳಿದರು. ಏಳೂವರೆಯದರಿಂದ ಯಾರೂ ಇಳಿಯಲಿಲ್ಲ. ಅವ್ವ ಮೂರು ಮುದ್ದೆ ಕಟ್ಟಿ ತಟ್ಟೆಗೆ ಹಾಕಿದಳು, ನನಗೊಂದು, ಅವಳಿಗೊಂದು, ಗಂಗಕ್ಕನಿಗೊಂದು. ಮಾರನೇ ದಿನವೂ ಪಾಲಮ್ಮ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಸೋಮವಾರ ನಾನು ಬಿಳೀ ಅಂಗಿ ಹಾಕಿಕೊಂಡು ಹಾಲುರಾಮೇಶ್ವರದ ಬಸ್ಸು ಹತ್ತಿದೆ.